ಬಸ್ ಸ್ಟ್ಯಾಂಡಿನಲ್ಲಿ ಫೀಲ್ಡ್ ಥಿಯರಿ

ನಮ್ಮ ಮೇಷ್ಟ್ರಿಗೆ ‘ಏನೂ ಇಲ್ಲ’ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಎಂಎಸ್ಸಿಯಲ್ಲಿ ನಮಗೆ ವಿದ್ಯುತ್ಕಾಂತ ಕ್ಷೇತ್ರದ ಪಾಠ ಅವರದು. ಮೊದಲ ದಿನ ಕ್ಲಾಸಿಗೆ ಬಂದವರೇ ಪ್ಯಾಂಟಿನ ಜೇಬಿನಿಂದ ಎರಡು ಅಯಸ್ಕಾಂತ ಹೊರತೆಗೆದರು. ಹಳೆಯ ರೇಡಿಯೋದಿಂದ ಕಿತ್ತ ಕಪ್ಪು ಬಿಲ್ಲೆಗಳು. ಒಂದನ್ನೊಂದು ದೂಡುವ ಮುಖಗಳನ್ನು ಎದುರುಬದುರು ಹಿಡಿದು ಮುಂದಿನ ಬೆಂಚಿನ ಹುಡುಗನನ್ನು ಕೇಳಿದರು: “ಈ ನಡುವೆ ಎಂತ ಉಟ್ಟು?”

ಅರೆಭಾಷೆ ಅವರ ಮನೆಮಾತು. ನಮ್ಮ ‘ಉಂಟು’ ಅವರ ಬಾಯಲ್ಲಿ ‘ಉಟ್ಟು’.

“ಏನೂ ಇಲ್ಲ ಸಾರ್.”

“ಏನೂ ಇಲ್ಲದ್ದು ನನ್ನ ಕೈಯನ್ನು ದೂಡ್ತದಾ? ಬಾ, ನೀನೇ ಹಿಡಿ.”

ಅವನು ಹಿಡಿದ. ಆಮೇಲೆ ಪಕ್ಕದವನು, ಆಮೇಲೆ ನಾನು. ಎಷ್ಟು ಒತ್ತಿದರೂ ಎರಡು ಬಿಲ್ಲೆ ಒಂದಕ್ಕೊಂದು ತಾಗುವುದಿಲ್ಲ, ಪಕ್ಕಕ್ಕೆ ಜಾರಿಕೊಳ್ಳುತ್ತವೆ. ನಡುವೆ ನೋಡಿದರೆ ಗಾಳಿ. ಇಡೀ ಪೀರಿಯಡ್ ಇಷ್ಟೇ ನಡೆಯಿತು. ಬೆಲ್ ಹೊಡೆದಾಗ ಅವರು ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡು, “ಇನ್ನು ಎರಡು ವರ್ಷ ನಾವು ಓದುದು ಆ ನಡುವಿನದ್ದನ್ನು. ಈ ಎರಡು ಕಲ್ಲನ್ನಲ್ಲ,” ಎಂದು ಹೇಳಿ ಹೋದರು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು, ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಿದ್ದವು. ಯಾರೋ ‘ಅಜಾತಶತ್ರು’ ಎಂದು ಬರೆದರು. ಅಳುತ್ತಾ ಕೂತಿದ್ದವಳಿಗೆ ನಗು ಬಂದುಬಿಟ್ಟಿತು. ಅಜಾತಶತ್ರುವಂತೆ. ಎಷ್ಟೋ ವರ್ಷ ನಾನೇ ಅವರ ಶತ್ರುವಾಗಿದ್ದೆ. ಅವರ ಹೆಸರು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅವರ ವಿಷಯ ಸರಿಯಾಗಿ ಹೇಳಬೇಕೆಂದರೆ ಅದನ್ನು ಬಿಟ್ಟು ಹೇಳಲಿಕ್ಕಾಗುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. “ಚಾರ್ಜ್ ಯಾರದ್ದು ಅಂತ ಫೀಲ್ಡ್ ಕೇಳೂದಿಲ್ಲ” ಎನ್ನುತ್ತಿದ್ದ ಮನುಷ್ಯ, ಬರೆದರೆ ಅವರೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

ಕುಳ್ಳಗಿನ ಆಳು. ಅರ್ಧ ತೋಳಿನ ಶರಟು. ಅದರ ಜೇಬಿನಲ್ಲಿ ಸದಾ ಸೀಮೆಸುಣ್ಣದ ಚೂರುಗಳು ಇರುತ್ತಿದ್ದುದರಿಂದ ಎದೆಯ ಎಡಗಡೆ ಬಿಳಿ ಕಲೆ. ಬೇಸಿಗೆಯಲ್ಲೂ ಕೈಯಲ್ಲಿ ಕೊಡೆ. ಭಾಗಮಂಡಲದವರು ಕೊಡೆ ಹಿಡಿದುಕೊಂಡೇ ಹುಟ್ಟುತ್ತಾರೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಆ ಕೊಡೆ ಅವರಿಗೆ ಬೋರ್ಡಿಗೆ ತೋರಿಸುವ ಕೋಲೂ ಹೌದು, ಬಿಚ್ಚಿದರೆ ‘ಇದೊಂದು ಸರ್ಫೇಸ್’ ಎಂದು ಹೇಳುವ ಉಪಕರಣವೂ ಹೌದು. ಕ್ಲಾಸಿನೊಳಗೆ ಕೊಡೆ ಬಿಚ್ಚಿದರೆ ದರಿದ್ರ ಎಂದು ಒಬ್ಬಳು ಗೊಣಗಿದಳು. ಅವರಿಗೆ ಕೇಳಿಸಿತು. “ದರಿದ್ರ ಕೊಡೆಯ ಒಳಗಿಂದ ಬರ್ತದಾ ಹೊರಗಿಂದ ಬರ್ತದಾ? ಎಷ್ಟು ಬರ್ತದೆ ಅಂತ ಲೆಕ್ಕ ಹಾಕು,” ಎಂದರು. ಪಾಪ, ಅವಳು ಆಮೇಲೆ ವರ್ಷವಿಡೀ ಬಾಯಿ ಬಿಡಲಿಲ್ಲ.

ನಮ್ಮ ಕ್ಲಾಸಿನಲ್ಲಿ ಮನೆಗೊಂದು ಭಾಷೆ. ಕೊಡವ ತಕ್ಕ್, ಮಲಯಾಳ, ತಮಿಳು, ತುಳು, ಎಲ್ಲವೂ ಇದ್ದವು. ನಾನು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಬೇಸಾಯಗಾರರ ಮನೆಯವಳು. ಮೇಷ್ಟ್ರು ಲೆಕ್ಕ ಬಿಡಿಸುವುದು ಇಂಗ್ಲಿಷಿನಲ್ಲಿ, ತಮಾಷೆ ಕನ್ನಡದಲ್ಲಿ, ಬೈಯುವುದು ಅರೆಭಾಷೆಯಲ್ಲಿ. ನೆಲ್ಯಹುದಿಕೇರಿಯ ಮಲಯಾಳಿ ಹುಡುಗನೊಬ್ಬ ಬೈಸಿಕೊಂಡು ಬಂದು, “ಈಗ ಸಾರ್ ನನ್ನನ್ನು ಹೊಗಳಿದ್ದಾ?” ಎಂದು ಕೇಳುತ್ತಿದ್ದ.

ಅವರದೊಂದು ಕಾನೂನು ಇತ್ತು. ಹೊಸ ಸಮೀಕರಣ ಕಲಿತರೆ ಅದನ್ನು ಚಿಹ್ನೆಯಿಲ್ಲದೆ, ಇಂಗ್ಲಿಷಿಲ್ಲದೆ, ಮನೆಮಾತಿನಲ್ಲಿ ಮನೆಯವರಿಗೆ ಹೇಳಬೇಕು. ಅವರು ಏನು ಕೇಳಿದರು ಎಂದು ಮರುದಿನ ಕ್ಲಾಸಿನಲ್ಲಿ ಒಪ್ಪಿಸಬೇಕು. ನೆಲ್ಯಹುದಿಕೇರಿ ಹುಡುಗನ ತಾಯಿ, ಅವನ ಉಮ್ಮ, ಕೇಳಿದರಂತೆ: ‘ಮುಟ್ಟಿದರೆ ಮಾತ್ರ ಗೊತ್ತಾಗುವುದಾದರೆ, ಮುಟ್ಟದಿರುವಾಗಲೂ ಅದು ಇರುತ್ತದೆ ಅಂತ ನಿಮ್ಮ ಮೇಷ್ಟ್ರಿಗೆ ಯಾರು ಹೇಳಿದರು?’ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. “ಫೀಲ್ಡ್ ಥಿಯರಿಯ ಮೊದಲನೇ ಪ್ರಶ್ನೆಯೇ ಇದು. ಉಮ್ಮನಿಗೆ ನನ್ನ ಸಲಾಂ ಹೇಳು,” ಎಂದರು. ಆ ವಾರ ಪೂರ್ತಿ ಉಮ್ಮನ ಪ್ರಶ್ನೆಯ ಮೇಲೆಯೇ ಪಾಠ ನಡೆಯಿತು.

ನಾನು ಮನೆಯಲ್ಲಿ ಹೇಳಲಿಲ್ಲ. ಹೊಲದಿಂದ ಬಂದು ಸುಸ್ತಾಗಿ ಕೂತ ಅವ್ವನ ಮುಂದೆ ಕರ್ಲು, ಡೈವರ್ಜೆನ್ಸು ಅಂತ ಹೇಳಿಕೊಂಡು ಕೂರುವುದು ಹೇಗೆ? ನನ್ನ ದಾರಿ ಬೇರೆ. ನಾನು ಬಾಯಿಪಾಠದವಳು. ಆ ಪಾಠಕ್ಕೆಲ್ಲ ಬುಡವಾದ ನಾಲ್ಕು ಸಮೀಕರಣಗಳನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ, ಒಂದು ಬಾಣದ ಗುರುತೂ ತಪ್ಪದಂತೆ. ಒಮ್ಮೆ ಕ್ಲಾಸಿನಲ್ಲಿ ಹಾಗೆ ಗಡಗಡ ಒಪ್ಪಿಸಿದಾಗ ಅವರು ಹುಬ್ಬೇರಿಸಿ, “ಮಂತ್ರ ಹೇಳ್ಲಿಕ್ಕೆ ನಮ್ಮೂರಲ್ಲಿ ಬೇರೆ ಜನ ಉಟ್ಟು ಮಾರಾಯ್ತಿ. ಅವರು ಚೆಂದಕ್ಕೆ ಹೇಳ್ತಾರೆ. ನೀನು ಅರ್ಥ ಹೇಳು,” ಎಂದರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು, ಆದರೆ ಬುದ್ಧಿ ಬರಲಿಲ್ಲ.

ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಎರಡು ದುಂಡಗಿನ ತಗಡುಗಳು, ನಡುವೆ ಖಾಲಿ ಜಾಗ. ತಂತಿಯಲ್ಲಿ ಕರೆಂಟು ಹರಿದು ಬಂದು ತಗಡಿನಲ್ಲಿ ತುಂಬಿಕೊಳ್ಳುತ್ತಿದೆ. ನಡುವಿನ ಖಾಲಿ ಜಾಗದಲ್ಲಿ ಕಾಂತಕ್ಷೇತ್ರ ಎಷ್ಟಿದೆ? ನಾನು ಮೇಲೆ ನಾಲ್ಕನೆಯ ಸಮೀಕರಣವನ್ನು ಮುತ್ತಿನಂಥ ಅಕ್ಷರದಲ್ಲಿ ಪೂರ್ತಿ ಬರೆದೆ. ಕೆಳಗೆ ಬರೆದೆ: ನಡುವೆ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಅಲ್ಲಿ ಕಾಂತಕ್ಷೇತ್ರ ಸೊನ್ನೆ. ಉತ್ತರ ತಪ್ಪು ಎಂದು ಮೇಲಿನ ಸಾಲೇ ಹೇಳುತ್ತಿತ್ತು. ಕರೆಂಟು ಹರಿಯದಿದ್ದರೂ ವಿದ್ಯುತ್ ಕ್ಷೇತ್ರ ಬದಲಾಗುತ್ತಿದ್ದರೆ ಸಾಕು, ಕಾಂತಕ್ಷೇತ್ರ ಹುಟ್ಟುತ್ತದೆ ಎನ್ನುವುದೇ ಆ ಸಮೀಕರಣದ ಬಾಲ. ಬಾಲವನ್ನು ಬರೆದೆ, ಓದಲಿಲ್ಲ. ಅದರ ಮೇಲೆ ನಿಂತ ಇನ್ನೆರಡು ಪ್ರಶ್ನೆಗಳೂ ಮಗುಚಿಬಿದ್ದವು.

ಆ ಪೇಪರನ್ನು ತಿದ್ದಿದ್ದು ಅವರೇ. ಫೇಲ್. ಉಳಿದ ಎಲ್ಲ ಪೇಪರಿನಲ್ಲೂ ಪಾಸಾದವಳು ಅದೊಂದರಲ್ಲಿ, ಅದೂ ಹೊಸ್ತಿಲಲ್ಲಿ ಎಡವಿದ ಹಾಗೆ ಸ್ವಲ್ಪದರಲ್ಲಿ. ಕೇಳಲು ಹೋದಾಗ ಅವರು ಮುಚ್ಚುಮರೆ ಮಾಡಲಿಲ್ಲ. “ಹೌದು, ನಿನ್ನ ಅಕ್ಷರ ನನಗೆ ಗೊತ್ತು. ಯಾರದ್ದು ಅಂತ ಗೊತ್ತಾಗಿಯೇ ಫೇಲ್ ಮಾಡಿದ್ದು. ಮೇಲೆ ಬರೆದದ್ದನ್ನು ನೀನೇ ನಂಬಲಿಲ್ಲ. ನಾನು ಹೇಗೆ ನಂಬುದು?”

ನನ್ನಪ್ಪನಿಗೆ ಇದು ತಡೆಯಲಿಲ್ಲ. ಹೊಲದಿಂದ ಆಗಷ್ಟೇ ಕಿತ್ತ ಶುಂಠಿಯನ್ನು ಚೀಲಕ್ಕೆ ತುಂಬಿಕೊಂಡು, ಒಗೆದ ಪಂಚೆಯುಟ್ಟು ಮೇಷ್ಟ್ರನ್ನು ನೋಡಲು ಹೋದ. ಸಂಜೆ ಅದೇ ಚೀಲ ಹೊತ್ತು ವಾಪಸು ಬಂದ. ಜಗಲಿಯಲ್ಲಿ ಕೂತು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ಹೇಳಿದ: “ಒಳ್ಳೇ ಮನುಷ್ಯ ಕಣವ್ವ. ಟೀ ಕುಡ್ಸುದ್ರು, ಬಸ್ ಹತ್ಸುದ್ರು. ಮಾರ್ಕ್ಸ್ ಮಾತ್ರ ಕೊಡಕ್ಕಾಗಲ್ವಂತೆ. ಆ ಎರಡು ತಗಡಿನ ಮಧ್ಯ ಏನೈತೆ ಅಂತ ಎಲ್ಲಾ ಬುಡ್ಸಿ ಹೇಳುದ್ರು. ನಂಗೇ ಅರ್ಥ ಆಯ್ತು. ನಿಂಗ್ಯಾಕೆ ಆಗ್ಲಿಲ್ಲ?”

ಗಾಯದ ಮೇಲೆ ಶುಂಠಿ ರಸ ಹಿಂಡಿದ ಹಾಗಾಯಿತು. ಅವತ್ತಿನಿಂದ ಮೇಷ್ಟ್ರು ನನ್ನ ಪಾಲಿಗೆ ಇಲ್ಲ. ಮರುವರ್ಷ ಮದುವೆಯಾಯಿತು, ಮಗು ಆಯಿತು, ಒಂದು ಪೇಪರು ಬಾಕಿ ಉಳಿದೇ ಹೋಯಿತು. ನಮ್ಮೂರ ಹತ್ತಿರದ ಖಾಸಗಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಜನ ಇರಲಿಲ್ಲ, ‘ಒಂದೇ ಪೇಪರ್ ತಾನೆ, ಮುಗಿಸಿಕೊಳ್ಳಿ’ ಎಂದು ಸೇರಿಸಿಕೊಂಡರು. ಪಾಠ ಮಾಡುವುದು ನನಗೆ ಪ್ರಾಣ. ಮನೆಯಲ್ಲಿ ಎಷ್ಟೇ ತಲೆಬಿಸಿ ಇರಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದರೆ ಸಾಕು, ಎಲ್ಲ ಮರೆಯುತ್ತಿತ್ತು. ವರ್ಷಗಳು ಹಾಗೇ ಸರಿದವು. ಕೊನೆಗೆ ಹೊಸ ಪ್ರಿನ್ಸಿಪಾಲರು ಬಂದು ಕರೆದು ಕೂರಿಸಿ ಹೇಳಿದರು: “ಮೇಡಂ, ಎಂಎಸ್ಸಿ ಪೂರ್ತಿ ಆಗದವರನ್ನು ಮುಂದಿನ ವರ್ಷ ಇಟ್ಟುಕೊಳ್ಳುವ ಹಾಗಿಲ್ಲ. ನನ್ನ ಕೈಯಲ್ಲಿ ಇಲ್ಲ.” ಅದೇ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಪ್ರಕಟಣೆ ಬಂತು: ಹಳೆಯ ಸಿಲೆಬಸ್ಸಿನ ಬಾಕಿ ಪೇಪರುಗಳಿಗೆ ಇದೇ ಕೊನೆಯ ಅವಕಾಶ. ಪುಸ್ತಕ ತೆರೆದು ನೋಡಿದೆ. ನಾಲ್ಕು ಸಮೀಕರಣಗಳು ಮಾತ್ರ ಬಾಯಿಗೆ ಬಂದವು, ಉಳಿದದ್ದೆಲ್ಲ ಮರೆತುಹೋಗಿತ್ತು. ಮುಚ್ಚಿಟ್ಟು ಅತ್ತುಬಿಟ್ಟೆ.

ಆ ದಿನಗಳಲ್ಲೇ ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ನಿವೃತ್ತರಾಗಿ ಭಾಗಮಂಡಲದ ತಮ್ಮ ಮನೆ ಸೇರಿದ್ದರು. ಯಾರನ್ನು ಕೇಳಿ ಮನೆ ಹುಡುಕಿದರೋ ತಿಳಿಯದು. ನನ್ನ ಅತ್ತೆ ಒಳಗೆ ಬಂದು, “ಯಾರೋ ಮೇಷ್ಟ್ರಂತೆ, ಕೊಡೆ ಹಿಡ್ಕಂಡು ಬಂದವ್ರೆ. ಲಗ್ನಪತ್ರಿಕೆ ಕೊಡಾಕೋ ಏನೋ,” ಎಂದರು. ಕಿಟಕಿಯಿಂದ ನೋಡಿದೆ. ಒಲೆಯ ಮೇಲಿನ ಸಾರನ್ನು ಸುಮ್ಮನೆ ತಿರುಗಿಸುತ್ತಾ ನಿಂತೆ, ಹೊರಗೆ ಹೋಗಲಿಲ್ಲ.

ಹೊರಗೆ ಅವರ ಮಾತು ಕೇಳುತ್ತಿತ್ತು. “ನಿಮ್ಮ ಸೊಸೆಯನ್ನು ಫೇಲ್ ಮಾಡಿದ ಮೇಷ್ಟ್ರು ನಾನು.”

ಅತ್ತೆ, “ಅಯ್ಯೋ ಶಿವನೆ. ಅಂಗಾದ್ರೆ ನಿಮಗೆ ಕಾಪಿ ಕೊಡ್ಲೋ ಬ್ಯಾಡ್ವೋ?” ಎಂದರು.

“ಅದು ಅವಳನ್ನು ಕೇಳಿ.”

ಸಾರು ಇಳಿಸಿ, ಕಾಫಿ ಮಾಡಿ, ನಾನೇ ತೆಗೆದುಕೊಂಡು ಹೋದೆ. ಅವರಿಗೆ ವಯಸ್ಸಾಗಿತ್ತು. ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡಿದ್ದರು. ಜೇಬಿನ ಬಳಿ ಆ ಬಿಳಿ ಕಲೆ ಇರಲಿಲ್ಲ. ಕಾಫಿ ತೆಗೆದುಕೊಂಡು, ಹೇಗಿದ್ದೀಯ ಎಂದು ಕೂಡ ಕೇಳದೆ, “ಕೊನೇ ಅವಕಾಶ ಅಂತ ಬಂದುಟ್ಟು, ನೋಡಿದ್ಯಾ?” ಎಂದರು.

“ನೋಡಿದೆ.”

“ಅರ್ಜಿ ಹಾಕಿದ್ಯಾ?”

“ಇಲ್ಲ. ಹಾಕಿ ಏನು ಮಾಡಲಿ? ಹೇಳಿಕೊಡುವವರು ಯಾರಿದ್ದಾರೆ?” ಚುಚ್ಚಬೇಕೆಂದೇ ಹೇಳಿದ್ದು.

“ನಾನಿದ್ದೇನೆ.” ಚುಚ್ಚಿದ್ದು ತಾಗಿತೋ ಇಲ್ಲವೋ ತಿಳಿಯಲಿಲ್ಲ. “ನೀನು ಭಾಗಮಂಡಲದವರೆಗೆ ಬಂದರೆ ಮಗುವನ್ನು ಯಾರು ನೋಡುದು? ನಾನು ಪ್ರತಿ ವಾರ ಇಷ್ಟು ದೂರ ಬರ್ಲಿಕ್ಕೆ ಈ ಮೊಣಕಾಲು ಕೇಳೂದಿಲ್ಲ. ಮಡಿಕೇರಿ ನಡುವೆ ಉಟ್ಟು. ಭಾನುವಾರ ಬಸ್ ಸ್ಟ್ಯಾಂಡಿಗೆ ಬಾ.”

ಬಸ್ ಸ್ಟ್ಯಾಂಡಿನಿಂದ ಯಾರದೋ ಮನೆಗೆ ಹೋಗುವುದಿರಬೇಕು ಅಂದುಕೊಂಡೆ. ಅಲ್ಲ. ಬಸ್ ಸ್ಟ್ಯಾಂಡೇ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಭಾನುವಾರ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಕ್ಯಾಂಟೀನಿನ ಪಕ್ಕದ ಸಿಮೆಂಟು ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು, ನಡುವೆ ಪುಸ್ತಕ. ಕಾಲೇಜಿನಲ್ಲಿ ಒಂದು ಕೋಣೆ ಕೇಳಬಹುದಿತ್ತಲ್ಲ ಸಾರ್ ಎಂದೆ. “ಕೋಣೆ ಕೇಳಿದರೆ ಅರ್ಜಿ ಬರಿ, ಕಾರಣ ಕೊಡು ಅಂತಾರೆ. ಇಲ್ಲಿ ಯಾರೂ ಎಂತ ಕೇಳೂದಿಲ್ಲ,” ಎಂದರು. ಸುಳ್ಳು. ಎಲ್ಲರೂ ಎಲ್ಲವನ್ನೂ ಕೇಳುತ್ತಿದ್ದರು. ಅವರು ಎರಡೂ ಕೈ ಎತ್ತಿ ಗಾಳಿಯಲ್ಲಿ ಸುಳಿ ಬಿಡಿಸುವುದನ್ನು ನೋಡಿ ಕ್ಯಾಂಟೀನಿನವನು, “ಮೇಷ್ಟ್ರು ಸಂಗೀತ ಕಲಿಸ್ತಾರಾ?” ಎಂದು ನನ್ನನ್ನು ಪಿಸುಮಾತಿನಲ್ಲಿ ವಿಚಾರಿಸಿದ.

ಮೊದಲ ವಾರ ಪುಸ್ತಕ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡನ್ನು ನೋಡು ಎಂದರು. ಬಸ್ಸು ಒಳಗೆ ಬರುವ ಗೇಟು ಅಲ್ಲಿ, ಹೊರಗೆ ಹೋಗುವ ಗೇಟು ಇಲ್ಲಿ. “ಬಂದ ಬಸ್ಸಿಗಿಂತ ಹೋದ ಬಸ್ಸು ಜಾಸ್ತಿ ಇದ್ದರೆ ಎಂತ ಅರ್ಥ?”

“ಒಳಗಿಂದ ಯಾವುದೋ ಬಸ್ಸು ಹೊರಟಿದೆ ಅಂತ.”

“ಒಳಗೆ ಡಿಪೋ ಉಟ್ಟು ಅಂತ. ನೀನು ಒಳಗೆ ಹೋಗಿ ನೋಡಬೇಕಾಗಿಲ್ಲ, ಗೇಟಿನಲ್ಲಿ ಕೂತು ಲೆಕ್ಕ ಹಾಕಿದರೆ ಸಾಕು. ಅದು ಮೊದಲನೇ ಸಮೀಕರಣ. ಡಿಪೋ ಅಂದರೆ ಚಾರ್ಜು. ಇನ್ನು ಎರಡನೇದ್ದು. ಅಯಸ್ಕಾಂತದ ಬಸ್ ಸ್ಟ್ಯಾಂಡಿನಲ್ಲಿ ಡಿಪೋ ಇಲ್ಲ. ಬಂದದ್ದೆಲ್ಲ ಹೋಗಲೇ ಬೇಕು.”

ಇಷ್ಟೇನಾ ಎನಿಸಿತು. ನಿಜವಾಗಿ ಹೇಳುತ್ತೇನೆ, ಅಷ್ಟು ವರ್ಷ ಮಂತ್ರದ ಹಾಗೆ ಜಪಿಸಿದ ಎರಡು ಸಾಲುಗಳು ಬಸ್ಸಿನ ಹಾರನ್ನಿನ ನಡುವೆ ಮೊದಲ ಸಲ ಮಾತಾಡಿದವು. ಸಂತೋಷಕ್ಕೆ ಕಣ್ಣು ತುಂಬಿತು, ಮತ್ತೆ ಇದನ್ನೇ ಅವತ್ತು ಕ್ಲಾಸಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತು ಎಂದು ಸಿಟ್ಟೂ ಬಂತು. ಕೇಳಿಯೂ ಬಿಟ್ಟೆ. “ಅವತ್ತು ನನಗೇ ಹೊಳೆದಿರಲಿಲ್ಲ,” ಎಂದರು.

ಸುಳಿಯ ಪಾಠಕ್ಕೆ ಅವರ ಊರಿನ ಸಂಗಮವೇ ಬೇಕಾಯಿತು. ಒಂದು ವಾರ ಭಾಗಮಂಡಲಕ್ಕೇ ಬರಹೇಳಿದರು. ಎರಡು ಹೊಳೆ ಕೂಡುವ ಕಡೆ, ದಡದಲ್ಲಿ ನಿಂತು ಒಂದು ಹಲಸಿನೆಲೆ ಬಿಟ್ಟರು. ನಡು ನೀರಿನಲ್ಲಿ ಅದು ನೆಟ್ಟಗೆ ಹೋಯಿತು. ಎರಡು ಹರಿವು ಉಜ್ಜಿಕೊಳ್ಳುವ ಜಾಗಕ್ಕೆ ಬಂದಾಗ ಗಿರಗಿರ ತಿರುಗಿತು. “ಎಲೆ ಎತ್ತ ಹೋಗ್ತದೆ ಅಂತ ನೋಡಬೇಡ, ಎಷ್ಟು ತಿರುಗ್ತದೆ ಅಂತ ನೋಡು. ಕರ್ಲ್ ಅಂದರೆ ಅದು.” ತಲೆ ಬೋಳಿಸಿಕೊಂಡು ಪಿಂಡ ಬಿಡಲು ಬಂದಿದ್ದವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಇವರು ಯಾವ ಪಿಂಡ ಬಿಡುತ್ತಿದ್ದಾರೆ ಎಂದುಕೊಂಡರೋ ಏನೋ.

ಹೋಲಿಕೆ ಹೇಳುವುದರಲ್ಲಿ ಅವರಷ್ಟು ಉದಾರಿ ಇಲ್ಲ, ಹೋಲಿಕೆಯ ವಿಷಯದಲ್ಲಿ ಅವರಷ್ಟು ಸಂಶಯದವರೂ ಇಲ್ಲ. ಒಂದು ಟೆಸ್ಟ್ ಕೊಟ್ಟರು. ಮನೆಯಲ್ಲಿ ಕೂತು ಬರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು ಓದುತ್ತಿದ್ದವರು ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎರಡನೇ ಸಮೀಕರಣದ ವಿವರಣೆಯಲ್ಲಿ ನಾನು ಶುದ್ಧ ಇಂಗ್ಲಿಷಿನಲ್ಲಿ ‘ಕಾಂತಕ್ಷೇತ್ರಕ್ಕೆ ಡಿಪೋ ಇರುವುದಿಲ್ಲವಾದ್ದರಿಂದ’ ಎಂದು ಬರೆದಿದ್ದೆ. ಎರಡು ಕಡೆ ಬಸ್ಸು ಎಂದೂ ಇತ್ತು. ನಗು ನಿಂತ ಮೇಲೆ ಅವರ ಮುಖ ಗಂಭೀರವಾಯಿತು. “ಬಸ್ಸು ನಿನಗೆ ಅರ್ಥ ಆಗ್ಲಿಕ್ಕೆ. ಪೇಪರಿಗೆ ಬಸ್ಸು ಬರಬಾರದು. ನಿನ್ನ ಪೇಪರು ತಿದ್ದುವವ ಮಡಿಕೇರಿ ನೋಡಿರಲಿಕ್ಕಿಲ್ಲ.” ಅವತ್ತು ಪ್ರತಿ ಬಸ್ಸನ್ನೂ ಹೊಡೆದುಹಾಕಿಸಿ ಗಣಿತ ಬರೆಸಿದರು.

ಆಷಾಢದ ಮಳೆ ಹಿಡಿಯಿತು. ಒಂದು ಭಾನುವಾರ ಬೆಂಚಿನಲ್ಲಿ ಕಾದೆ, ಕಾದೆ, ಅವರು ಬರಲಿಲ್ಲ. ಭಾಗಮಂಡಲ ರಸ್ತೆಯಲ್ಲಿ ಬರೆ ಕುಸಿದಿದೆ, ಗುಡ್ಡದ ಮಣ್ಣು ರಸ್ತೆಗೆ ಬಂದು ಬಸ್ಸು ನಿಂತಿದೆ ಎಂದು ಡ್ರೈವರೊಬ್ಬ ಹೇಳಿದ. ಪರೀಕ್ಷೆ ಹತ್ತಿರ ಬಂದಿತ್ತು, ನಾನು ಫೇಲಾದ ಆ ತಗಡಿನ ಲೆಕ್ಕವೇ ಇನ್ನೂ ಉಳಿದಿತ್ತು. ಇನ್ನೇನು ಹೊರಡಬೇಕು, ಅವರು ಬಂದರು. ಮೊಣಕಾಲಿನವರೆಗೆ ಕೆಸರು, ಕೊಡೆ ಮಗುಚಿ ಕಡ್ಡಿ ಹೊರಬಂದಿತ್ತು. ಮಣ್ಣಿನ ರಾಶಿಯನ್ನು ನಡೆದೇ ದಾಟಿ, ಈಚೆ ನಿಂತ ಇನ್ನೊಂದು ಬಸ್ಸು ಹತ್ತಿ ಬಂದಿದ್ದರು.

ನಾನು ಬೈದೆ. ಅಪ್ಪನಿಗೆ ಬೈಯುವ ಹಾಗೆ ಬೈದೆ. “ಈ ಕಾಲಿಟ್ಟುಕೊಂಡು ಆ ಮಣ್ಣಿನಲ್ಲಿ ಯಾಕೆ ಬರಬೇಕಿತ್ತು ಸಾರ್? ಜಾರಿ ಬಿದ್ದಿದ್ದರೆ? ಒಂದು ಫೋನು ಮಾಡಿದ್ದರೆ ಆಗುತ್ತಿರಲಿಲ್ಲವಾ?”

“ಮೊದಲು ಟೀ ಹೇಳು,” ಎಂದರು. ಟೀ ಬಂತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಾ ಶುರು ಮಾಡಿಯೇ ಬಿಟ್ಟರು. “ನಿನ್ನ ತಗಡಿನ ಲೆಕ್ಕ ಇವತ್ತು ರಸ್ತೆಯಲ್ಲಿ ಸಿಕ್ಕಿತು. ಆಚೆ ಒಂದು ಬಸ್ಸು ಬಂದು ನಿಲ್ತದೆ. ಈಚೆ ಒಂದು ಬಸ್ಸು ಹೊರಡ್ತದೆ. ನಡುವೆ ಬಸ್ಸೇ ಇಲ್ಲ. ಆದ್ರೂ ಮಡಿಕೇರಿಯಲ್ಲಿ ಕೂತವನಿಗೆ ಭಾಗಮಂಡಲದ ಬಸ್ಸು ಬಂತು. ಹಾಗಾದ್ರೆ ನಡುವೆ ಎಂತದೋ ನಡೀತಾ ಉಟ್ಟು ಅಂತ ಆಯ್ತಲ್ವಾ?”

“ಜನ ದಾಟಿದರು.”

“ಹ್ಞಾಂ. ಈಗ ಎಚ್ಚರ. ನಿನ್ನ ತಗಡಿನ ನಡುವೆ ಜನವೂ ದಾಟೂದಿಲ್ಲ, ಒಂದು ನರಪಿಳ್ಳೆಯೂ ದಾಟೂದಿಲ್ಲ. ಹೋಲಿಕೆ ಇಲ್ಲಿಗೆ ಸತ್ತುಹೋಯ್ತು. ಅದು ಎಲ್ಲಿ ಸಾಯ್ತದೆ ಅಂತ ತೋರಿಸದ ಮೇಷ್ಟ್ರು ಸುಳ್ಳುಗಾರ. ಇನ್ನು ಮುಂದೆ ಬಸ್ಸಿಲ್ಲ. ದಾಟೂದು ಎಂತದೂ ಇಲ್ಲ, ಬದಲಾಗುದು ಮಾತ್ರ ಉಟ್ಟು. ಆ ಬದಲಾವಣೆಯೇ ಕರೆಂಟಿನ ಕೆಲಸ ಮಾಡ್ತದೆ. ಪೆನ್ನು ತೆಗಿ.”

ಅವತ್ತು ಆ ಲೆಕ್ಕ ಮಾಡಿದೆ. ಅವರು ಒಂದು ಅಕ್ಷರ ಹೇಳಿಕೊಡಲಿಲ್ಲ, ಒದ್ದೆ ಕಾಲುಚೀಲ ಹಿಂಡಿಕೊಂಡು ಪಕ್ಕದಲ್ಲಿ ಕೂತಿದ್ದರು. ಉತ್ತರ ಬಂದಾಗ ತೋರಿಸಿದೆ. ನೋಡಿದರು. “ಸರಿ ಉಟ್ಟು” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಬಸ್ಸಿನಲ್ಲಿ ಕುಶಾಲನಗರದವರೆಗೂ ನಾನು ಒಬ್ಬಳೇ ನಗುತ್ತಾ ಬಂದೆ.

ಪರೀಕ್ಷೆಯಲ್ಲಿ ತಗಡಿನ ಲೆಕ್ಕ ಬರಲೇ ಇಲ್ಲ. ಬಂದದ್ದು ಬೇರೆ ಏನೇನೋ. ಆದರೆ ಈ ಸಲ ಪ್ರಶ್ನೆ ಓದಿದ ಮೇಲೆ ಸಮೀಕರಣ ನೆನಪು ಮಾಡಿಕೊಳ್ಳುವ ಬದಲು, ಖಾಲಿ ಅಂತ ಕಂಡ ಕಡೆಯೆಲ್ಲ ನಿಂತು ಇಲ್ಲೇನಿದೆ ಎಂದು ನೋಡಿಕೊಂಡು ಮುಂದೆ ಹೋದೆ. ರಿಸಲ್ಟ್ ಬಂತು. ಪಾಸು. ದೊಡ್ಡ ಮಾರ್ಕ್ಸೇನಲ್ಲ. ಪ್ರಿನ್ಸಿಪಾಲರು ಕೈ ಕುಲುಕಿದರು, ಮುಂದಿನ ವರ್ಷದ ಟೈಮ್‌ಟೇಬಲ್ಲಿನಲ್ಲಿ ನನ್ನ ಹೆಸರು ಬಿತ್ತು. ಫೋನ್ ಮಾಡಿ ಹೇಳಿದರೆ ಮೇಷ್ಟ್ರು, “ಕೊನೇ ಲೆಕ್ಕ ಹೇಗೆ ಮಾಡಿದೆ?” ಎಂದು ಕೇಳಿದರೇ ಹೊರತು ಬೇರೆ ಮಾತಿಲ್ಲ.

ಭಾನುವಾರ ಅತ್ತೆ ಒಬ್ಬಟ್ಟು ಮಾಡಿ ಡಬ್ಬಿಗೆ ಹಾಕಿಕೊಟ್ಟರು. “ನಿಮ್ಮಪ್ಪನ ಶುಂಠಿ ತಗಳ್ಳಿಲ್ಲ, ಅವ್ರು ಈಗಾದ್ರೂ ತಗತಾರೋ ಇಲ್ವೋ ಕೇಳು,” ಎಂದರು. ತಗೊಂಡರು. ಬೆಂಚಿನ ಮೇಲೆ ಕೂತು ಎರಡು ತಿಂದರು, ಕ್ಯಾಂಟೀನಿನವನಿಗೂ ಕೊಡಿಸಿದರು. ಪುಸ್ತಕ ಇಲ್ಲದೆ ನಾವಿಬ್ಬರು ಅಲ್ಲಿ ಕೂತದ್ದು ಅದೇ ಮೊದಲು. ಅಷ್ಟು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ.

“ಸಾರ್, ನನ್ನ ಆ ಹಳೆ ಪೇಪರು ಇವತ್ತು ನಿಮ್ಮ ಕೈಗೆ ಬಂದರೆ ಪಾಸು ಮಾಡ್ತೀರಾ?”

ಅವರು ಯೋಚನೆ ಕೂಡ ಮಾಡಲಿಲ್ಲ. “ಇಲ್ಲ.”

ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟೆಲ್ಲ ಆದ ಮೇಲೂ ಒಂದು ಸುಳ್ಳು ಹೇಳಲು ಆಗದ ಮನುಷ್ಯ. ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕೆ ತುರುಕಿದೆ. ಅವರು ಬೆರಳಿಗೆ ಅಂಟಿದ ತುಪ್ಪವನ್ನು ಕರ್ಚೀಫಿನಲ್ಲಿ ನಿಧಾನ ಒರೆಸಿಕೊಳ್ಳುತ್ತಿದ್ದರು.

“ಮಾರ್ಕ್ಸ್ ಕೊಡೂದಿಲ್ಲ,” ಎಂದರು. “ಆದ್ರೆ ರಿಸಲ್ಟ್ ಬಂದ ಮರುದಿನ ನಿನ್ನ ಮನೆಗೆ ಬರ್ತಿದ್ದೆ. ಫೇಲ್ ಮಾಡೂದು ನನ್ನ ಕೆಲಸ, ಅದನ್ನು ಸರಿಯಾಗಿ ಮಾಡಿದೆ. ಆಮೇಲಿನದ್ದೂ ನನ್ನದೇ ಕೆಲಸ ಅಂತ ಗೊತ್ತಾಗ್ಲಿಕ್ಕೆ ರಿಟೈರ್ ಆಗಬೇಕಾಯ್ತು. ನಿನ್ನಪ್ಪ ಆ ಚೀಲ ಹೊತ್ತುಕೊಂಡು ಬಸ್ಸು ಹತ್ತಿದ್ದು ನೋಡಿ ಮನೆಗೆ ಹೋದವ ನಾನು, ಹೋಗಿ ಊಟ ಮಾಡಿ ಮಲಗಿದೆ. ಇಷ್ಟು ವರ್ಷ ತಡ ಮಾಡಿಬಿಟ್ಟೆ ಮಾರಾಯ್ತಿ. ಆ ಪೇಪರಲ್ಲಿ ನಾನು ಪಾಸಾಗೂದಿಲ್ಲ.”

ನನಗೆ ಅಳು ಬಂತು. ಅಷ್ಟು ಜನರ ನಡುವೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ಸಮಾಧಾನ ಮಾಡಲು ಬರಲಿಲ್ಲ, ಬರುವವರೂ ಅಲ್ಲ. ಭಾಗಮಂಡಲದ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟೆ. ಅದಾದ ಮೇಲೆ ಅವರನ್ನು ಒಂದೆರಡು ಸಲ ನೋಡಿರಬಹುದು, ಅಷ್ಟೇ.

ಮೊನ್ನೆ ನಮ್ಮ ಕಾಲೇಜಿನ ಟೆಸ್ಟಿನಲ್ಲಿ ನೆಲ್ಯಹುದಿಕೇರಿಯ ಒಬ್ಬಳು ಹುಡುಗಿ ಭೌತಶಾಸ್ತ್ರದಲ್ಲಿ ಸ್ವಲ್ಪದರಲ್ಲಿ ಬಿದ್ದಳು. ಅವಳ ಅಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸದವರು. “ನಾಲ್ಕು ಮಾರ್ಕ್ಸ್ ಹಾಕಿಬಿಡಿ ಮೇಡಂ, ಯಾರು ನೋಡ್ತಾರೆ,” ಎಂದರು ಸ್ಟಾಫ್‌ರೂಮಿನಲ್ಲಿ ಜೊತೆಯವರು. ಹಾಕಲಿಲ್ಲ. ಮರುದಿನ ಕಾಲೇಜು ಬಿಟ್ಟವಳೇ ನೆಲ್ಯಹುದಿಕೇರಿ ಬಸ್ಸು ಹತ್ತಿ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ ಅವರ ಲೈನ್ ಮನೆ ಹುಡುಕಿಕೊಂಡು ಹೋದೆ. ಅಮ್ಮ ಗಾಬರಿಯಿಂದ ಎದ್ದು ನಿಂತರು. ವಿಷಯ ತಿಳಿದ ಮೇಲೆ ಕೈ ಮುಗಿದು, “ಹೇಗಾದ್ರೂ ಪಾಸು ಮಾಡಿಬಿಡಿ ಟೀಚರೇ,” ಎಂದರು.

“ಇಲ್ಲಮ್ಮ, ಮಾಡುವುದಿಲ್ಲ,” ಎಂದೆ. ಹುಡುಗಿಗೆ ಪುಸ್ತಕ ತರಲು ಹೇಳಿ ಚಾಪೆಯ ಮೇಲೆ ಕೂತುಕೊಂಡೆ.